ಎರಡು ಕಡೆಯಿಂದ ಕೇಳಿ ನೋಡಿ

ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ಆ ದಿನಗಳಲ್ಲಿ ಹಾಸನದ ಪೊಲೀಸರಿಗೆಲ್ಲ ಬಂದೋಬಸ್ತ್. ಮೈಕು, ಸೀಟಿ, ನೂಕುನುಗ್ಗಲು. ಆಟಿಸಂ ಅಂದರೆ ಮಿದುಳಿನ ಬೆಳವಣಿಗೆಯೇ ಬೇರೆ ಥರ ಇರುವುದು; ಮಾತು, ಜನರ ಜೊತೆ ಬೆರೆಯುವುದು, ಸದ್ದು ತಡೆಯುವುದು ಕಷ್ಟವಾಗಬಹುದು. ಅಂಥವರಿಗೆ ಇದಕ್ಕಿಂತ ಕಷ್ಟದ ಜಾಗ ಬೇರೆ ಬೇಕಾ?

ಒಂದು ಸಲ ಬ್ಯಾರಿಕೇಡ್ ಪಕ್ಕ ಒಬ್ಬ ಹುಡುಗ ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗಾಡುತ್ತಿದ್ದ. ಕುಡಿದಿದ್ದಾನೆ ಅಂದರು ನನ್ನ ಜೊತೆಯ ಪೊಲೀಸರು. ಬಾಯಲ್ಲಿ ವಾಸನೆ ಇರಲಿಲ್ಲ. "ನಿನ್ನ ಹೆಸರೇನಪ್ಪಾ?" ಅಂದೆ. "ನಿನ್ನ ಹೆಸರೇನಪ್ಪಾ?" ಅಂತ ಅವನೂ ಅಂದ, ನನ್ನದೇ ರಾಗದಲ್ಲಿ. ಇದು ಅಣಕವಲ್ಲ, ಆಟಿಸಂ ಇರುವ ಕೆಲವರು ಮಾತಾಡುವ ರೀತಿಯೇ ಹಾಗೆ. ವಾಕಿಟಾಕಿ ಸೌಂಡ್ ಕಮ್ಮಿ ಮಾಡಿದೆ. ಲಾಠಿಯನ್ನು ಜೊತೆಯವರ ಕೈಗೆ ಕೊಟ್ಟೆ. ಮುಟ್ಟಲಿಲ್ಲ, ಕೈ ತೋರಿಸುತ್ತಾ ಗಲಾಟೆ ಇಲ್ಲದ ಓಣಿಗೆ ಕರೆದೆ, ನಿಧಾನಕ್ಕೆ ಬಂದ. ಕೊರಳಿನ ಕಾರ್ಡಿನಲ್ಲಿ ತಾಯಿಯ ನಂಬರ್ ಇತ್ತು.

ಠಾಣೆಯೊಳಗೆ ಇನ್ನೂ ಹುಷಾರಾಗಿರಬೇಕು. ಬುದ್ಧಿ ಬೆಳವಣಿಗೆ ನಿಧಾನ ಇರುವ ಎಷ್ಟೋ ಜನ ಖಾಕಿ ಕಂಡರೆ ಎಲ್ಲದಕ್ಕೂ "ಹೌದು ಸಾರ್" ಅಂದುಬಿಡುತ್ತಾರೆ. ಹಾಗಾಗಿ ನಾನು ಎರಡು ಕಡೆಯಿಂದಲೂ ಕೇಳುತ್ತೇನೆ.

"ಮೊಬೈಲ್ ನೀನೇ ತಗೊಂಡೆಯಾ?"

"ಹೌದು ಸಾರ್."

"ನೀನು ತಗೊಳ್ಳಲಿಲ್ಲ ಅಲ್ವಾ?"

"ಹೌದು ಸಾರ್."

ಇಂಥ ಹೌದನ್ನು ತಪ್ಪೊಪ್ಪಿಗೆ ಅಂತ ಬರೆದುಕೊಂಡರೆ ದೊಡ್ಡ ಅನ್ಯಾಯ. "ಏನಾಯ್ತು ಹೇಳು" ಅಂದು ಸುಮ್ನೆ ಕೂರುತ್ತೇನೆ. ಉತ್ತರ ತಡವಾಗಿ ಬರುತ್ತದೆ. ನಡುವೆ ಇನ್ನೊಂದು ಪ್ರಶ್ನೆ ಹಾಕಿದರೆ ಅದೂ ಹೋಯಿತು.

ಕಾನೂನೂ ಇದನ್ನು ಒಪ್ಪುತ್ತದೆ. ಅಂಗವಿಕಲ ಸಾಕ್ಷಿಗಳನ್ನು ಠಾಣೆಗೆ ಬಾ ಅನ್ನುವಂತಿಲ್ಲ, ನಾವೇ ಮನೆಗೆ ಹೋಗಬೇಕು. ಇದು 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ. ಅವರು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡುವಾಗ ವಿಶೇಷ ಶಿಕ್ಷಕರ ನೆರವು ಪಡೆಯಲು 183ನೇ ಕಲಂನಲ್ಲಿ ಅವಕಾಶವಿದೆ. ತನಿಖೆ ಮಾಡುವವರು ಆ ಶಿಕ್ಷಕರನ್ನು ಮೊದಲೇ ಹುಡುಕಿಟ್ಟುಕೊಳ್ಳಬೇಕು. ಹೊತ್ತಿಗೆ ಸರಿಯಾಗಿ ಯಾರೂ ಸಿಗುವುದಿಲ್ಲ.

ಬೀಟಿಗೆ ಹೋದಾಗ ಇಂಥ ಮಕ್ಕಳಿರುವ ಮನೆಗಳಲ್ಲಿ, ಅಪ್ಪ ಅಮ್ಮ ಒಪ್ಪಿದರೆ, ನಾಲ್ಕು ವಿಷಯ ಕೇಳಿ ಬರೆದುಕೊಳ್ಳುತ್ತೇನೆ. ಯಾವ ಹೆಸರಿಗೆ ಓಗೊಡುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಏನು ಕೊಟ್ಟರೆ ಸಮಾಧಾನ, ತಪ್ಪಿಸಿಕೊಂಡರೆ ಎಲ್ಲಿಗೆ ಹೋಗುತ್ತಾರೆ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನೀರೆಂದರೆ ಸೆಳೆತ. ಅಂಥ ಮಗು ಕಾಣುತ್ತಿಲ್ಲ ಅಂತ 112ಕ್ಕೆ ಕರೆ ಬಂದರೆ ಬಸ್ ಸ್ಟ್ಯಾಂಡ್ ಆಮೇಲೆ ನೋಡಿ. ಮೊದಲು ಹತ್ತಿರದ ಕೆರೆ, ಬಾವಿ, ಕಾಲುವೆ ಕಡೆ ಜನ ಕಳಿಸಿ.