ಯಾರೂ ಇಲ್ಲದ ಕೋಣೆಯಲ್ಲಿ ಸರ್ವರ್ ಬೂಟ್ ಆಗದೆ ನಿಂತಾಗ

ರೀಬೂಟ್ ಕೊಟ್ಟು, ಸರ್ವರ್ ಉತ್ತರ ಕೊಡುತ್ತಿದೆಯೇ ಅಂತ ಪಿಂಗ್ ಹಾಕಿಕೊಂಡು ಕೂರುವ ಆ ಎರಡು ನಿಮಿಷ ಇದೆಯಲ್ಲ, ಈ ಕೆಲಸ ಮಾಡುವ ಎಲ್ಲರಿಗೂ ಅದು ಗೊತ್ತು. ಉತ್ತರ ಬರುವುದು ನಿಲ್ಲುತ್ತದೆ, ಅದು ಸರಿ. ಆಮೇಲೆ ಮತ್ತೆ ಶುರುವಾಗಬೇಕು. ಒಂದು ನಿಮಿಷ ಆಯ್ತು, ಎರಡಾಯ್ತು, ಐದಾಯ್ತು. ಸರ್ವರ್ ಇರುವ ಕೋಣೆಗೆ ಬೀಗ ಹಾಕಿದೆ. ನಾನಿರುವುದು ಬೇರೆ ಊರಲ್ಲಿ.

ನಾನು ನೋಡಿಕೊಳ್ಳುವ ಲಿನಕ್ಸ್ ಸರ್ವರ್‌ಗಳಲ್ಲಿ ಬಹುಪಾಲು ಇಂಥವೇ. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ. ಶುರುವಾಗುವಾಗ ನಿಂತುಹೋದ ಯಂತ್ರಗಳಲ್ಲಿ ನಿಜವಾಗಿ ಕೆಟ್ಟಿದ್ದವು ತೀರಾ ಕಡಿಮೆ. ಉಳಿದವು ಏನೋ ಒಂದು ಪ್ರಶ್ನೆ ಕೇಳಿ, ಉತ್ತರ ಬರಲಿ ಅಂತ ಕಾಯುತ್ತಿದ್ದವು. ಉತ್ತರ ಹೇಳುವವರು ಕೋಣೆಯಲ್ಲಿ ಇರಲಿಲ್ಲ, ಅಷ್ಟೇ. ಇದು ನನಗೆ ತಿಳಿದದ್ದು ಒಂದೊಂದೇ ಪೆಟ್ಟು ತಿಂದ ಮೇಲೆ.

ಮೊದಲನೆಯದು ಬ್ಯಾಕಪ್ ಡಿಸ್ಕ್‌ನದು. ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ಎದ್ದಿರಲಿಲ್ಲ. ಕೋಣೆಯ ಬೀಗದ ಕೈ ಇದ್ದವರಿಗೆ ಫೋನ್ ಮಾಡಿ ಮಾನಿಟರ್ ಹಾಕಿಸಿದೆ.

"ಸರ್, ಕಪ್ಪು ಸ್ಕ್ರೀನ್ ತುಂಬಾ ಬಿಳಿ ಅಕ್ಷರ ಇದೆ. ಕೊನೇಲಿ ರೂಟ್ ಅಕೌಂಟ್ ಲಾಕ್ ಆಗಿದೆ ಅಂತ ಏನೋ ಇದೆ. ಮುಂದುವರಿಯೋಕೆ ಎಂಟರ್ ಒತ್ತಿ ಅಂತಿದೆ. ಒತ್ಲಾ?"

"ಒತ್ತಿ."

"ಒತ್ತಿದೆ ಸರ್. ಮತ್ತೆ ಅದೇ ಬಂತು."

ಸ್ಕ್ರೀನಿನ ಫೋಟೋ ಕಳಿಸಿ ಅಂದೆ. ಕೊನೆಯ ಸಾಲು ಬಿಟ್ಟು ಮೇಲಿನ ಸಾಲುಗಳನ್ನು ಓದಿದಾಗ ವಿಷಯ ಸಿಕ್ಕಿತು. ಒಂದು ಡಿಸ್ಕ್‌ಗಾಗಿ ಕಾದು ಕಾದು ಸಮಯ ಮುಗಿಯಿತು ಅಂತ ಒಂದು ಸಾಲು. ಅದರ ಕೆಳಗೆ, ಬ್ಯಾಕಪ್ ಮೌಂಟ್ ಆಗಲಿಲ್ಲ, ಅಂದರೆ ಡಿಸ್ಕ್ ಬಳಕೆಗೆ ಜೋಡಣೆಯಾಗಲಿಲ್ಲ. ಅದರ ಕೆಳಗೆ, ಲೋಕಲ್ ಫೈಲ್ ಸಿಸ್ಟಮ್‌ಗಳು ಸಿದ್ಧವಾಗಲಿಲ್ಲ. ಅಲ್ಲಿಂದ ಎಮರ್ಜೆನ್ಸಿ ಮೋಡ್, ಅಂದರೆ ದುರಸ್ತಿಗಾಗಿ ಅರ್ಧದಲ್ಲೇ ನಿಲ್ಲುವ ಸ್ಥಿತಿ. ಎಮರ್ಜೆನ್ಸಿ ಮೋಡ್ ರೂಟ್ ಅನ್ನುವ, ಎಲ್ಲ ಅಧಿಕಾರವಿರುವ ಅಕೌಂಟಿನ ಪಾಸ್‌ವರ್ಡ್ ಕೇಳುತ್ತದೆ. ಈ ಸರ್ವರ್‌ನಲ್ಲಿ ರೂಟ್ ಅಕೌಂಟ್ ಲಾಕ್ ಆಗಿರುವುದರಿಂದ ಒಳಗೆ ಹೋಗಲೂ ದಾರಿಯಿಲ್ಲ. ಎಂಟರ್ ಒತ್ತಿದರೆ ಮತ್ತೆ ಪ್ರಯತ್ನ, ಮತ್ತೆ ಅದೇ ಡಿಸ್ಕ್, ಮತ್ತೆ ಅದೇ ಸಾಲು.

ಎರಡು ವಾರದ ಹಿಂದೆ ಹೊರಗಿನ ಬ್ಯಾಕಪ್ ಡಿಸ್ಕ್ ತೆಗೆಸಿದ್ದು ನಾನೇ. ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಸಾಲು ಹಾಗೇ ಉಳಿದಿತ್ತು. ಓಡುತ್ತಿರುವ ಸರ್ವರ್‌ಗೆ ಅದರಿಂದ ಏನೂ ತೊಂದರೆ ಆಗಲಿಲ್ಲ. ಬೂಟ್ ಸಮಸ್ಯೆಯ ಗುಣವೇ ಅದು: ತಪ್ಪು ಮಾಡಿದ ದಿನ ಗೊತ್ತಾಗಲ್ಲ, ಮುಂದಿನ ರೀಬೂಟ್‌ವರೆಗೂ ಸುಮ್ನೆ ಮಲಗಿರುತ್ತದೆ. ಅವತ್ತು ಬೀರುವಿನಲ್ಲಿದ್ದ ಡಿಸ್ಕನ್ನೇ ವಾಪಸ್ ಹಾಕಿಸಿ, ಪವರ್ ಆಫ್ ಮಾಡಿ ಆನ್ ಮಾಡಿಸಿದೆ. ಎದ್ದುಕೊಂಡಿತು.

ಅವತ್ತೇ ರಾತ್ರಿ ಎಲ್ಲ ಸರ್ವರ್‌ಗಳ ಎಫ್‌ಎಸ್‌ಟ್ಯಾಬ್ ತೆರೆದು ಕೂತೆ. ಸಿಸ್ಟಮ್ ಇರುವ ರೂಟ್ ಡಿಸ್ಕ್ ಮತ್ತು ಇಲ್ಲದಿದ್ದರೆ ಕೆಲಸವೇ ನಡೆಯದ ಡಿಸ್ಕ್‌ಗಳನ್ನು ಬಿಟ್ಟು, ಉಳಿದ ಎಲ್ಲದಕ್ಕೂ 'ನೋಫೇಲ್' ಆಪ್ಷನ್ ಹಾಕಿದೆ. ಇದಿದ್ದರೆ ಡಿಸ್ಕ್ ಸಿಗದಿದ್ದರೂ ಬೂಟ್ ಮುಂದೆ ಹೋಗುತ್ತದೆ. ಬೂಟ್ ನಡೆಸುವ ಸಿಸ್ಟಮ್‌ಡಿ ಸಾಮಾನ್ಯವಾಗಿ ಒಂದು ಸಾಧನಕ್ಕಾಗಿ 90 ಸೆಕೆಂಡ್ ಕಾಯುತ್ತದೆ. 'ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್' ಆಪ್ಷನ್‌ನಿಂದ ಅದನ್ನು 10 ಸೆಕೆಂಡ್‌ಗೆ ಇಳಿಸಿದೆ. ನೆಟ್‌ವರ್ಕ್ ಶೇರ್‌ಗಳಿಗೆ ಆಟೋಮೌಂಟ್ ಮಾಡಿದೆ. ಬೇಕಾದಾಗ ಮೌಂಟ್ ಆಗಲಿ, ಬೂಟ್ ದಾರಿಗೆ ಅಡ್ಡ ಬರುವುದು ಬೇಡ. ಎಫ್‌ಎಸ್‌ಟ್ಯಾಬ್ ಮುಟ್ಟಿದಾಗಲೆಲ್ಲ 'ಫೈಂಡ್‌ಎಂಎನ್‌ಟಿ' ಕಮಾಂಡನ್ನು ವೆರಿಫೈ ಆಪ್ಷನ್ ಜೊತೆ ಓಡಿಸುವುದು ಈಗ ಅಭ್ಯಾಸ. ಬರೆದ ಸಾಲು ಸರಿಯಿದೆಯೇ, ಆ ಡಿಸ್ಕ್ ನಿಜವಾಗಿ ಇದೆಯೇ ಅಂತ ಅದು ಅಲ್ಲೇ ಹೇಳುತ್ತದೆ.

ನೋಫೇಲ್ ಹಾಕುವವರು ಒಂದು ವಿಷಯ ಗಮನಿಸಬೇಕು. ಡಿಸ್ಕ್ ಮೌಂಟ್ ಆಗದಿದ್ದರೂ ಆ ಹೆಸರಿನ ಖಾಲಿ ಫೋಲ್ಡರ್ ಇದ್ದೇ ಇರುತ್ತದೆ. ಬ್ಯಾಕಪ್ ಸ್ಕ್ರಿಪ್ಟ್ ಅದರೊಳಗೇ ಬರೆಯುತ್ತಾ ಹೋಗಿ ರೂಟ್ ಡಿಸ್ಕ್ ತುಂಬಿಸಿಬಿಡುತ್ತದೆ. ನನ್ನ ಸ್ಕ್ರಿಪ್ಟ್‌ಗಳ ಮೊದಲ ಸಾಲಿನಲ್ಲೇ 'ಮೌಂಟ್‌ಪಾಯಿಂಟ್' ಕಮಾಂಡ್‌ನಿಂದ ಪರೀಕ್ಷೆ ಇದೆ. ಮೌಂಟ್ ಆಗಿಲ್ಲ ಅಂದರೆ ಅಲ್ಲೇ ನಿಲ್ಲುತ್ತದೆ, ನನಗೆ ಮೇಲ್ ಬರುತ್ತದೆ.

ಆ ಫೋಟೋ ನನಗೆ ಇನ್ನೊಂದನ್ನೂ ಮನದಟ್ಟು ಮಾಡಿಸಿತು. ಸ್ಕ್ರೀನ್ ಕಾಣದೆ ಮಾಡುವುದೆಲ್ಲ ಕತ್ತಲಲ್ಲಿ ತಡಕಾಡಿದ ಹಾಗೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಸೀರಿಯಲ್ ಕನ್ಸೋಲ್ ಹಾಕಿಕೊಂಡೆ, ಅಂದರೆ ಸ್ಕ್ರೀನಿನ ಅಕ್ಷರಗಳು ಸೀರಿಯಲ್ ಪೋರ್ಟಿನಲ್ಲೂ ಹೊರಬರುವ ಏರ್ಪಾಡು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಆಪ್ಷನ್‌ನಲ್ಲಿ ಎರಡು ಕನ್ಸೋಲ್ ಕೊಡಬೇಕು: ಮೊದಲು ಮಾಮೂಲಿ ಸ್ಕ್ರೀನಿನದು, ಆಮೇಲೆ ಸೀರಿಯಲ್ ಪೋರ್ಟಿನದು, 115200 ವೇಗದಲ್ಲಿ. ಈ ಕ್ರಮ ಮುಖ್ಯ. ಕರ್ನಲ್ ಸಂದೇಶ ಎರಡಕ್ಕೂ ಹೋಗುತ್ತದೆ, ಆದರೆ ಸರ್ವಿಸ್‌ಗಳ ಸಂದೇಶ ಮತ್ತು ಎಮರ್ಜೆನ್ಸಿ ಶೆಲ್ (ಕಮಾಂಡ್ ಟೈಪ್ ಮಾಡುವ ಜಾಗ) ಕೊನೆಯಲ್ಲಿ ಬರೆದ ಕನ್ಸೋಲ್‌ಗೆ ಹೋಗುತ್ತವೆ. ಕರ್ನಲನ್ನು ಶುರುಮಾಡುವ ಗ್ರಬ್‌ಗೂ ಸೀರಿಯಲ್ ಬೇರೆಯಾಗಿ ಹೇಳಬೇಕು, ಇಲ್ಲದಿದ್ದರೆ ಮೆನು ಕಾಣುವುದಿಲ್ಲ. 'ಕ್ವಯಟ್' ಮತ್ತು 'ಸ್ಪ್ಲಾಶ್' ಅನ್ನುವ ಎರಡು ಪದಗಳನ್ನು ತೆಗೆದುಹಾಕಿದೆ. ಯಾರೂ ನೋಡದ ಸರ್ವರ್‌ಗೆ ಅಂದದ ಲೋಗೋ ಯಾಕೆ ಬೇಕು?

ದೂರದಿಂದಲೇ ಯಂತ್ರವನ್ನು ನಿಯಂತ್ರಿಸುವ ಐಪಿಎಂಐ ಇರುವ ಸರ್ವರ್ ಆದರೆ ಆ ಸೀರಿಯಲ್ ಕನ್ಸೋಲನ್ನೇ ನೆಟ್‌ವರ್ಕ್ ಮೂಲಕ ತೆರೆಯಬಹುದು. ಸೀರಿಯಲ್ ಓವರ್ ಲ್ಯಾನ್ ಅಂತಾರೆ. ಇಲ್ಲಿ ನಾನು ಅರ್ಧ ದಿನ ಕಳೆದುಕೊಂಡೆ. ಎಲ್ಲ ಸರಿಯಿದ್ದರೂ ಖಾಲಿ ಪರದೆ. ಕೊನೆಗೆ ನೋಡಿದರೆ ಆ ಬೋರ್ಡ್‌ನಲ್ಲಿ ನೆಟ್‌ವರ್ಕ್‌ಗೆ ಹೋಗುವುದು ಎರಡನೇ ಸೀರಿಯಲ್ ಪೋರ್ಟ್, ನಾನು ಕೊಟ್ಟಿದ್ದು ಮೊದಲನೆಯದು. ಐಪಿಎಂಐ ಇಲ್ಲದ ಯಂತ್ರಗಳಿಗೆ ನೆಟ್‌ಕನ್ಸೋಲ್ ಹಾಕಿದೆ. ಕರ್ನಲ್ ತನ್ನ ಸಂದೇಶಗಳನ್ನು ಯುಡಿಪಿ ಮೂಲಕ ಪಕ್ಕದ ಇನ್ನೊಂದು ಯಂತ್ರಕ್ಕೆ ಕಳಿಸುತ್ತದೆ. ಅದರಲ್ಲಿ ಟೈಪ್ ಮಾಡಲು ಆಗಲ್ಲ, ಓದಲು ಆಗುತ್ತದೆ. ಎಷ್ಟೋ ಸಲ ಓದಿದರೆ ಸಾಕಲ್ವಾ?

ಕಣ್ಣು ಬಂದ ಮೇಲೆ ತಾಳ್ಮೆಯೂ ಬಂತು. ಮೊದಲು ಮೂರು ನಿಮಿಷಕ್ಕೇ ಪವರ್ ಕಟ್ ಮಾಡಿ ಹಾಕಿಸುತ್ತಿದ್ದೆ. ಅದರಿಂದ ಜಾಸ್ತಿ ಹಾಳಾಯಿತು. ದೊಡ್ಡ ಡಿಸ್ಕ್ ಮೇಲೆ ಎಫ್‌ಎಸ್‌ಸಿಕೆ ಅನ್ನುವ ಡಿಸ್ಕ್ ತಪಾಸಣೆ ಓಡುತ್ತಿದ್ದರೆ ಅದನ್ನೇ ಮಧ್ಯದಲ್ಲಿ ನಿಲ್ಲಿಸಿದಂತಾಗುತ್ತಿತ್ತು. ಎರಡು ನೆಟ್‌ವರ್ಕ್ ಪೋರ್ಟ್ ಇದ್ದು ಒಂದಕ್ಕೆ ಕೇಬಲ್ ಇಲ್ಲದಿದ್ದರೆ, ನೆಟ್‌ವರ್ಕ್‌ಗಾಗಿ ಕಾಯುವ ಸರ್ವಿಸ್ 120 ಸೆಕೆಂಡ್ ತಿನ್ನುತ್ತದೆ. ನೋಡುವವರಿಗೆ ಅದು ಹ್ಯಾಂಗ್ ಆದಂತೆಯೇ ಕಾಣುತ್ತದೆ. ಬಳಸದ ಪೋರ್ಟನ್ನು ನೆಟ್‌ವರ್ಕ್ ಸೆಟ್ಟಿಂಗ್ ಬರೆಯುವ ನೆಟ್‌ಪ್ಲಾನ್‌ನಲ್ಲಿ 'ಆಪ್ಷನಲ್' ಅಂತ ಗುರುತು ಮಾಡಿದರೆ ಮುಗಿಯಿತು. ಈಗ ಕನಿಷ್ಠ 10 ನಿಮಿಷ ಮುಟ್ಟುವುದಿಲ್ಲ. ಎಫ್‌ಎಸ್‌ಸಿಕೆ ನಡೆಯುತ್ತಿದೆ ಅಂತ ಕಂಡರೆ ಎಷ್ಟು ಹೊತ್ತಾದರೂ ಮುಟ್ಟುವುದಿಲ್ಲ.

ಪವರ್ ಕಟ್ ಮಾಡಿ ಹಾಕುವ ಚಟದಿಂದ ಇನ್ನೊಂದು ತೊಂದರೆ ಆಗಿತ್ತು. ಹಿಂದಿನ ಬೂಟ್ ಪೂರ್ತಿಯಾಗದಿದ್ದರೆ ಉಬುಂಟು ಲಿನಕ್ಸ್‌ನ ಗ್ರಬ್ ಅದನ್ನು ನೆನಪಿಟ್ಟುಕೊಂಡು, ಮುಂದಿನ ಸಲ ಮೆನು ತೋರಿಸಿ ಕಾಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಈ ಕಾಯುವಿಕೆಗೆ ಕೊನೆಯೇ ಇರಲಿಲ್ಲ. ಆಮೇಲೆ ಅದನ್ನು 30 ಸೆಕೆಂಡ್ ಮಾಡಿದರು. ಗ್ರಬ್ ಸೆಟ್ಟಿಂಗ್‌ನಲ್ಲಿ 'ರೆಕಾರ್ಡ್‌ಫೇಲ್ ಟೈಮ್‌ಔಟ್' ಅಂತ ಇದೆ. ನಾನು ಅದನ್ನು 5 ಅಂತ ಬರೆದು, ಅಪ್‌ಡೇಟ್-ಗ್ರಬ್ ಕೊಡುತ್ತೇನೆ. ಸೀರಿಯಲ್ ಪೋರ್ಟ್‌ಗೆ ಯುಪಿಎಸ್ ಅಥವಾ ಮೋಡೆಮ್ ಸಿಕ್ಕಿಸಿರುವವರು ಇನ್ನೂ ಹುಷಾರಾಗಿರಬೇಕು. ಅದು ಕಳಿಸುವ ಯಾವುದೋ ಒಂದು ಅಕ್ಷರವನ್ನೇ ಗ್ರಬ್ ಕೀ ಒತ್ತಿದಂತೆ ತಿಳಿದು ಎಣಿಕೆ ನಿಲ್ಲಿಸಿಬಿಡುತ್ತದೆ.

ಆನ್ ಮಾಡಿದ ಕೂಡಲೇ ಮೊದಲು ಓಡುವ ಬಯೋಸ್‌ನ ವಿಷಯ ಚಿಕ್ಕದು. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಸತ್ತರೆ ಸೆಟ್ಟಿಂಗ್ ಎಲ್ಲ ಮರೆತು, ಎಫ್1 ಒತ್ತಿ ಅಂತ ನಿಲ್ಲುತ್ತದೆ. ಕೀಬೋರ್ಡ್ ಇಲ್ಲ ಅಂತಲೂ ಕೆಲವು ಬೋರ್ಡ್‌ಗಳು ನಿಲ್ಲುತ್ತವೆ. ದೋಷ ಇದ್ದರೂ ನಿಲ್ಲಬೇಡ ಅನ್ನುವ ಸೆಟ್ಟಿಂಗ್ ಹುಡುಕಿ ಹಾಕಬೇಕು. ಕರೆಂಟ್ ಬಂದಾಗ ತಾನಾಗಿ ಆನ್ ಆಗು ಅನ್ನುವುದನ್ನೂ ಹಾಕಬೇಕು. ಬ್ಯಾಟರಿ ಸತ್ತರೆ ಈ ಎರಡೂ ಮರೆತುಹೋಗುತ್ತವೆ, ಆದ್ದರಿಂದ ಹಳೆಯ ಯಂತ್ರಗಳಲ್ಲಿ ಬ್ಯಾಟರಿಯನ್ನು ಮೊದಲೇ ಬದಲಿಸಿಬಿಡುತ್ತೇನೆ.

ನನ್ನನ್ನು ತುಂಬಾ ಕಾಡಿದ್ದು ಮಾತ್ರ ಬೇರೆಯೇ. ಡೆಬಿಯನ್ 10 ಲಿನಕ್ಸ್ ಹಾಕಿದ್ದ ಒಂದು ಹಳೆಯ ಸಣ್ಣ ಯಂತ್ರ. ರೀಬೂಟ್ ಆದ ಮೇಲೆ ಪಿಂಗ್ ಬರುತ್ತಿತ್ತು, ದೂರದಿಂದ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಮಾತ್ರ ಸಂಪರ್ಕ ನಿರಾಕರಿಸುತ್ತಿತ್ತು. ಹೋಗಿ ಮಾನಿಟರ್ ಮತ್ತು ಕೀಬೋರ್ಡ್ ಸಿಕ್ಕಿಸಿ, ಲಾಗಿನ್ ಆಗೋಣ ಅಂತ ನಾಲ್ಕು ಅಕ್ಷರ ಟೈಪ್ ಮಾಡುವಷ್ಟರಲ್ಲಿ ಎಲ್ಲ ಸರಿಯಾಗಿಬಿಡುತ್ತಿತ್ತು. ಲಾಗ್‌ನಲ್ಲಿ ದೋಷವೇ ಇಲ್ಲ. ವಾಪಸ್ ಬಂದೆ. ಮುಂದಿನ ತಿಂಗಳು ಮತ್ತೆ ಅದೇ ಕಥೆ. ಕೀಬೋರ್ಡ್ ಹಾಕಿದರೆ ಎದ್ದೇಳುತ್ತದೆ, ಹಾಕದಿದ್ದರೆ ಇಲ್ಲ.

ಮೂರನೇ ಸಲ ಹೋದಾಗ ಕೀಬೋರ್ಡ್ ಮುಟ್ಟಲಿಲ್ಲ. ಮಾನಿಟರ್ ಮಾತ್ರ ಹಾಕಿ, ಕೈಕಟ್ಟಿ ನೋಡುತ್ತಾ ಕೂತೆ. ಎಸ್‌ಎಸ್‌ಎಚ್ ಸರ್ವಿಸ್ ಶುರುವಾಗುತ್ತಿದೆ ಅನ್ನುವಲ್ಲಿಗೆ ನಿಂತಿತ್ತು. ಎರಡು ನಿಮಿಷ ಅಲ್ಲಾಡಲಿಲ್ಲ. ಆಮೇಲೆ ಸ್ಪೇಸ್ ಕೀಯನ್ನು ಬೇಕಂತಲೇ ಒಂದೊಂದಾಗಿ ಒತ್ತಿದೆ. ಹತ್ತಿಪ್ಪತ್ತು ಸಲ ಒತ್ತಿರಬೇಕು. ಪರದೆಯ ಮೇಲೆ ಒಂದು ಸಾಲು ಬಂತು: 'ರಾಂಡಮ್: ಸಿಆರ್‌ಎನ್‌ಜಿ ಇನಿಟ್ ಡನ್'. ಮರುಕ್ಷಣವೇ ಎಸ್‌ಎಸ್‌ಎಚ್ ಎದ್ದಿತು.

ಆ ಸಾಲು ನೋಡಿದಾಗ ಆದ ಸಮಾಧಾನ ಇವತ್ತಿಗೂ ನೆನಪಿದೆ. ಎಸ್‌ಎಸ್‌ಎಚ್‌ಗೆ ಶುರುವಾಗಲು ಒಳ್ಳೆಯ ರಾಂಡಮ್ ಸಂಖ್ಯೆ ಬೇಕು. ಕರ್ನಲ್ ಅದನ್ನು ಕೀಬೋರ್ಡ್, ಮೌಸ್, ಡಿಸ್ಕ್ ಇವುಗಳ ಚಟುವಟಿಕೆಯ ಸಮಯದ ಏರುಪೇರಿನಿಂದ ಕೂಡಿಹಾಕುತ್ತದೆ. ಅದನ್ನು ಎಂಟ್ರೊಪಿ ಅಂತಾರೆ. ಯಾರೂ ಮುಟ್ಟದ, ಡಿಸ್ಕ್ ಸದ್ದೂ ಇಲ್ಲದ ಯಂತ್ರದಲ್ಲಿ ಅದು ಕೂಡುವುದು ತುಂಬಾ ನಿಧಾನ. 2018ರಲ್ಲಿ ಕರ್ನಲ್‌ನ ಒಂದು ಭದ್ರತಾ ದೋಷ ಸರಿಪಡಿಸಿದಾಗ ಈ ನಿಯಮ ಬಿಗಿಯಾಯಿತು, ಆಮೇಲೆ ಇಂಥ ಕಾಯುವಿಕೆ ಹೆಚ್ಚಿತು. 2019ರಲ್ಲಿ ಬಂದ 5.4 ಕರ್ನಲ್, ಕಾಯುವ ಬದಲು ಸಿಪಿಯು ಸಮಯದ ಏರುಪೇರಿನಿಂದಲೇ ಎಂಟ್ರೊಪಿ ಮಾಡಿಕೊಳ್ಳುವುದನ್ನು ಕಲಿಯಿತು. ನನ್ನ ಯಂತ್ರದಲ್ಲಿದ್ದದ್ದು ಅದಕ್ಕಿಂತ ಹಳೆಯ ಕರ್ನಲ್, ಸಿಪಿಯುವಿನಲ್ಲಿ ರಾಂಡಮ್ ಸಂಖ್ಯೆ ಕೊಡುವ ಸೂಚನೆಯೂ ಇರಲಿಲ್ಲ. ಅವತ್ತಿಗೆ ಎಂಟ್ರೊಪಿ ಒದಗಿಸುವ 'ಹ್ಯಾವೆಜ್‌ಡಿ' ಅನ್ನುವ ಪ್ಯಾಕೇಜ್ ಹಾಕಿದೆ. ಆಮೇಲೆ ಹೊಸ ಕರ್ನಲ್ ಬಂದ ಮೇಲೆ ಅದರ ಅಗತ್ಯವೂ ಇಲ್ಲವಾಯಿತು. ವರ್ಚುವಲ್ ಯಂತ್ರಗಳಾದರೆ ಹೋಸ್ಟ್‌ನಿಂದ ರಾಂಡಮ್ ಸಂಖ್ಯೆ ಒದಗಿಸುವ ವರ್ಟ್ಐಓ ಆರ್‌ಎನ್‌ಜಿ ಸಾಧನ ಕೊಟ್ಟರೆ ಸಾಕು.

ಇನ್ನು ಕರ್ನಲ್ ಪ್ಯಾನಿಕ್, ಅಂದರೆ ಸರಿಪಡಿಸಲಾಗದ ದೋಷ ಕಂಡು ಕರ್ನಲ್ ಕೈಚೆಲ್ಲುವುದು. ಏನೂ ಹೇಳದಿದ್ದರೆ ಲಿನಕ್ಸ್ ಪ್ಯಾನಿಕ್ ಆದ ಜಾಗದಲ್ಲೇ ನಿಂತುಬಿಡುತ್ತದೆ. ಕರ್ನಲ್ ಆಪ್ಷನ್‌ನಲ್ಲಿ 'ಪ್ಯಾನಿಕ್=10' ಅಂತ ಕೊಟ್ಟರೆ 10 ಸೆಕೆಂಡ್ ಬಿಟ್ಟು ರೀಬೂಟ್ ಆಗುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಇದರಿಂದ ಇನ್ನೊಂದು ಉಪಯೋಗವಿದೆ: ರೂಟ್ ಡಿಸ್ಕ್ ಸಿಗದೆ ಇನಿಟ್‌ರಾಮ್‌ಎಫ್‌ಎಸ್ ಅನ್ನುವ ಆರಂಭದ ಹಂತದ ಶೆಲ್‌ಗೆ ಬಿದ್ದು ಕೂರುವ ಬದಲು ಆಗಲೂ ರೀಬೂಟ್ ಆಗುತ್ತದೆ. ತಡವಾಗಿ ಎಚ್ಚರವಾಗುವ ಡಿಸ್ಕ್‌ಗಳಿಗೆ ಎರಡನೇ ಅವಕಾಶ ಸಿಗುತ್ತದೆ.

ಸಿಸ್ಟಮ್ ಸುದ್ದಿ ಕೊಡುವುದು ನಿಂತರೆ ತಾನೇ ರೀಬೂಟ್ ಮಾಡುವ ಹಾರ್ಡ್‌ವೇರ್ ವಾಚ್‌ಡಾಗ್ ಹಾಕಿದರೆ ಎಲ್ಲ ಹ್ಯಾಂಗ್‌ಗೂ ಮದ್ದು ಅಂತ ನಾನೂ ನಂಬಿದ್ದೆ. ಹಾಗಲ್ಲ. ಸಿಸ್ಟಮ್‌ಡಿ ಜೀವಂತ ಇರುವವರೆಗೆ ವಾಚ್‌ಡಾಗ್‌ಗೆ ನಾನಿದ್ದೀನಿ ಅಂತ ಹೇಳುತ್ತಲೇ ಇರುತ್ತದೆ. ಯಾವುದೋ ಸರ್ವಿಸ್‌ಗಾಗಿ ಮಿತಿಯಿಲ್ಲದೆ ಕಾಯುತ್ತಿದ್ದರೂ ಹೇಳುತ್ತದೆ. ಅಂಥದ್ದಕ್ಕೆ ಬೂಟ್‌ನ ಕೊನೆಯ ಗುರಿಯಾದ ಮಲ್ಟಿ-ಯೂಸರ್ ಟಾರ್ಗೆಟ್‌ಗೇ 'ಜಾಬ್ ಟೈಮ್‌ಔಟ್' ಹಾಕಿ, ಸಮಯ ಮೀರಿದರೆ ರೀಬೂಟ್ ಮಾಡು ಅಂತ ಬರೆದಿದ್ದೇನೆ. ನಾನು 15 ನಿಮಿಷ ಇಟ್ಟಿದ್ದೇನೆ. ಡೇಟಾಬೇಸ್ ಇರುವ ಸರ್ವರ್‌ನಲ್ಲಿ ಮಾತ್ರ ಇದನ್ನು ಹಾಕಿಲ್ಲ. ಅಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಡೇಟಾಬೇಸ್ ತನ್ನನ್ನು ತಾನು ಸರಿಪಡಿಸಿಕೊಳ್ಳಲು ಎಷ್ಟು ಹೊತ್ತು ಬೇಕೋ ಗೊತ್ತಾಗಲ್ಲ. ಮಧ್ಯದಲ್ಲಿ ಎಳೆದು ರೀಬೂಟ್ ಮಾಡುವುದಕ್ಕಿಂತ ನಾನೇ ಕನ್ಸೋಲ್‌ನಲ್ಲಿ ನೋಡುವುದು ವಾಸಿ.

ಈಗ ಹೊಸ ಸರ್ವರ್ ಕೊಡುವ ಮೊದಲು ಒಂದು ಮಧ್ಯಾಹ್ನ ಅದರ ಪಕ್ಕ ಕೂರುತ್ತೇನೆ. ಅದರಲ್ಲಿ ಇನ್ನೂ ಯಾರ ಡೇಟಾವೂ ಇರುವುದಿಲ್ಲ. ಕೀಬೋರ್ಡ್ ತೆಗೆದು ಬೂಟ್ ಮಾಡುತ್ತೇನೆ. ನೆಟ್‌ವರ್ಕ್ ಕೇಬಲ್ ಕಿತ್ತು ಬೂಟ್ ಮಾಡುತ್ತೇನೆ. ರೂಟ್ ಬಿಟ್ಟು ಉಳಿದ ಡಿಸ್ಕ್‌ಗಳನ್ನು ಒಂದೊಂದಾಗಿ ತೆಗೆದು ಬೂಟ್ ಮಾಡುತ್ತೇನೆ. ಕೊನೆಗೆ, ಅರ್ಧ ಬೂಟ್ ಆಗಿರುವಾಗಲೇ ಪ್ಲಗ್ ಕಿತ್ತು ಮತ್ತೆ ಹಾಕುತ್ತೇನೆ. ಹೋದ ಸಲ ಕೇಬಲ್ ಕಿತ್ತಾಗ ಒಂದು ನಿಂತಿತು. ಬಳಕೆದಾರರ ಪಟ್ಟಿ ಇರುವ ಎಲ್‌ಡಿಎಪಿ ಸರ್ವರ್‌ಗಾಗಿ ಕಾಯುತ್ತಿತ್ತು. ಅಲ್ಲೇ ಪಕ್ಕದಲ್ಲಿ ಕೂತಿದ್ದೆ, ಹತ್ತು ನಿಮಿಷದಲ್ಲಿ ಸರಿಮಾಡಿ ಮತ್ತೆ ಕೇಬಲ್ ಕಿತ್ತು ನೋಡಿದೆ.