ಹೋಂಸ್ಟೇ ವೈಫೈಯಲ್ಲಿ ಕಾಲ್ ಕಡಿಯದಂತೆ ರೂಟರ್ ಸೆಟ್ ಮಾಡುವುದು ಹೇಗೆ

ಮೂಡಿಗೆರೆ, ಕಳಸದ ಕಡೆ ಹೋಂಸ್ಟೇಗಳಿಗೆ ವೈಫೈ ಹಾಕಿಕೊಡುವುದು ನನ್ನ ಕೆಲಸ. ಶನಿವಾರ ಸಂಜೆಯಾದರೆ ಫೋನ್ ಶುರು: "ನೂರು ಎಂಬಿ ಪ್ಲಾನ್ ಹಾಕ್ಸಿದೀವಿ ಮಾರಾಯ್ರೆ, ಆದ್ರೂ ಗೆಸ್ಟ್ ಮೀಟಿಂಗ್ ಕಡಿದು ಕಡಿದು ಹೋಗ್ತದೆ." ಇನ್ನೂ ದೊಡ್ಡ ಪ್ಲಾನಿಗೆ ದುಡ್ಡು ಸುರಿಯುವ ಮೊದಲು ಒಂದು ಪರೀಕ್ಷೆ ಮಾಡಿ.

ಲ್ಯಾಪ್‌ಟಾಪನ್ನು ಕೇಬಲ್‌ನಲ್ಲೇ ರೂಟರಿಗೆ ಸಿಕ್ಕಿಸಿ, 8.8.8.8ಕ್ಕೆ (ಗೂಗಲ್ ಸರ್ವರ್) ಪಿಂಗ್ ಬಿಡಿ, ಅಂದರೆ ಡೇಟಾದ ಪುಟ್ಟ ಪ್ಯಾಕೆಟ್ ಕಳಿಸಿ ಉತ್ತರ ಬರಲು ಹಿಡಿಯುವ ಹೊತ್ತು ನೋಡಿ. ಅದು ಓಡುತ್ತಿರುವಾಗಲೇ ದೊಡ್ಡದೊಂದು ವಿಡಿಯೋ ಅಪ್‌ಲೋಡ್‌ಗೆ ಹಾಕಿ. 20–30 ಮಿಲಿಸೆಕೆಂಡ್ ಇದ್ದದ್ದು 400ಕ್ಕೆ ಹಾರಿದರೆ ಕೊರತೆ ಸ್ಪೀಡಿನದಲ್ಲ, ಪ್ಯಾಕೆಟ್‌ಗಳು ಸಾಲಿನಲ್ಲಿ ಕಾಯುತ್ತಿವೆ. ಮಾತು ಸಹಜವಾಗಿರಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇರಬೇಕು ಎನ್ನುತ್ತದೆ ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು.

ಈಗ ರೂಟರಿನ ಕ್ಯೂಒಎಸ್ (ಯಾವ ಡೇಟಾ ಮೊದಲು ಹೋಗಬೇಕೆಂದು ಹೇಳುವ) ಪುಟ ತೆರೆಯಿರಿ. ಅಪ್‌ಲೋಡ್, ಡೌನ್‌ಲೋಡ್ ಎಂದು ಎರಡು ಖಾನೆ ಇರುತ್ತವೆ. ಅಲ್ಲಿ ಪ್ಲಾನಿನ ಸ್ಪೀಡ್ ಬರೆದರೆ ಏನೂ ಪ್ರಯೋಜನವಿಲ್ಲ. ಸಂಜೆ ಹೊತ್ತು ಅಳೆದ ಸ್ಪೀಡಿನ ಶೇಕಡಾ 85–90ರಷ್ಟು ಬರೆಯಿರಿ. ಆಗ ಸಾಲು ನಿಮ್ಮ ರೂಟರಿನಲ್ಲೇ ನಿಲ್ಲುತ್ತದೆ, ಯಾರು ಮುಂದೆ ಅನ್ನುವುದೂ ನಿಮ್ಮ ಕೈಯಲ್ಲಿರುತ್ತದೆ. ಇಲ್ಲದಿದ್ದರೆ ಅದು ಇಂಟರ್ನೆಟ್ ಕಂಪನಿಯ ಡಬ್ಬಿಯೊಳಗೆ ನಿಲ್ಲುತ್ತದೆ, ಅಲ್ಲಿ ನಿಮ್ಮ ಮಾತು ನಡೆಯುವುದಿಲ್ಲ. ಓಪನ್‌ಡಬ್ಲ್ಯೂಆರ್‌ಟಿ (ರೂಟರಿಗೆ ಹಾಕುವ ಉಚಿತ ಸಾಫ್ಟ್‌ವೇರ್) ಇರುವವರು ಅದರಲ್ಲಿ ಸಾಲು ನಿಭಾಯಿಸುವ ಎಸ್‌ಕ್ಯೂಎಂಗೆ ಹೋಗಿ ಕೇಕ್ ಎಂಬ ವಿಧಾನ ಆರಿಸಿಕೊಳ್ಳಿ, ಮುಕ್ಕಾಲು ಕೆಲಸ ಅಲ್ಲಿಗೇ ಮುಗಿಯಿತು.

ಉಳಿದದ್ದು ದರ್ಜೆ ಹಂಚುವುದು. 3ಜಿ ಕಾಲದಲ್ಲಿ ಮಾಡಿದ ನಾಲ್ಕು ವರ್ಗ ಇವತ್ತಿಗೂ ಚೆನ್ನಾಗಿ ಹೊಂದುತ್ತವೆ: ಮಾತುಕತೆ, ಸ್ಟ್ರೀಮಿಂಗ್, ಬ್ರೌಸಿಂಗ್‌ನಂಥ ಕೆಲಸ, ಹಿನ್ನೆಲೆಯ ಕೆಲಸ. ಕಾಲ್, ಮೀಟಿಂಗ್ ಮೊದಲನೆಯದಕ್ಕೆ. ಫೋಟೋ ಬ್ಯಾಕಪ್, ಅಪ್‌ಡೇಟ್, ಕ್ಲೌಡಿಗೆ ಹೋಗುವ ಸಿಸಿಟಿವಿ ಕೊನೆಯದಕ್ಕೆ. ಯಜಮಾನರ ಟಿವಿಯನ್ನೂ ಮೇಲಕ್ಕೆ ಹಾಕಿ ಎಂಬ ಒತ್ತಾಯ ಎಲ್ಲ ಮನೆಯಲ್ಲೂ ಬರುತ್ತದೆ. ನಾನಂತೂ ಹಾಕುವುದಿಲ್ಲ. ಟಿವಿ ಮುಂದಿನ ಕೆಲವು ಸೆಕೆಂಡಿನ ವಿಡಿಯೋವನ್ನು ಮೊದಲೇ ತುಂಬಿಟ್ಟುಕೊಳ್ಳುತ್ತದೆ, ಸ್ವಲ್ಪ ಕಾದರೂ ಗೊತ್ತಾಗುವುದಿಲ್ಲ. ವಾಯ್ಸ್ ಕಾಲ್‌ಗೆ ಬೇಕಾಗುವುದು ಸುಮಾರು 100 ಕೆಬಿಪಿಎಸ್, ಆದರೆ ಅದು ತಕ್ಷಣ ಹೋಗಬೇಕು.

ತೋಟದ ಮನೆಗಳಲ್ಲಿ ಇನ್ನೊಂದು ತೊಡಕು. ಟವರ್ ಸಿಗ್ನಲ್ ಇದ್ದರೆ ವೋಲ್ಟಿ (4ಜಿಯಲ್ಲಿ ಹೋಗುವ ಮಾಮೂಲಿ ಫೋನ್) ಕಾಲ್‌ಗೆ ನೆಟ್‌ವರ್ಕೇ ಕ್ಯೂಸಿಐ 1 ಎಂಬ ಖಚಿತ ವೇಗದ ದಾರಿ ಕೊಡುತ್ತದೆ. ವಾಟ್ಸಾಪ್ ಕಾಲ್ ಉಳಿದ ಡೇಟಾದ ಜೊತೆ ಸಾಲಿನಲ್ಲೇ ನಿಲ್ಲಬೇಕು. ಸಿಗ್ನಲ್ ಇಲ್ಲದ ಕಡೆ ಎಲ್ಲರೂ ವೈಫೈ ಕಾಲಿಂಗ್ ಆನ್ ಮಾಡುತ್ತಾರೆ. ಅದು ಗೂಢಲಿಪಿಯ ಸುರಂಗದೊಳಗೆ ಹೋಗುವುದರಿಂದ ಇದು ಮಾತು ಎಂದು ರೂಟರಿಗೆ ತಿಳಿಯುವುದಿಲ್ಲ. ಆ ಸುರಂಗ ಬಳಸುವ ಯುಡಿಪಿ 500 ಮತ್ತು 4500 ಪೋರ್ಟುಗಳನ್ನು ನೀವೇ ಮೊದಲ ದರ್ಜೆಗೆ ಸೇರಿಸಿ. ವೈಫೈಯಲ್ಲಿ ಮಾತು, ವಿಡಿಯೋಗೆ ಆದ್ಯತೆ ಕೊಡುವ ಡಬ್ಲ್ಯೂಎಂಎಂ ಆನ್ ಇರಲಿ, ಆಫ್ ಮಾಡಿದರೆ ವೈಫೈ ವೇಗವೇ ಕುಸಿಯುತ್ತದೆ.

ಫೈಬರ್ ಇಲ್ಲದೆ 4ಜಿ ರೂಟರಿನಲ್ಲಿ ನಡೆಸುವವರಿಗೆ ಸ್ಪೀಡ್ ಗಳಿಗೆಗೊಂದು ಥರ ಇರುತ್ತದೆ. ಅಂಥವರು ಗೆಸ್ಟ್ ತುಂಬಿರುವ ದಿನ ಸಂಜೆ ಸಿಕ್ಕ ಅತಿ ಕಡಿಮೆ ಅಳತೆಯನ್ನೇ ಹಿಡಿದು ಸೆಟ್ ಮಾಡಿ, ಮತ್ತೆ ಪಿಂಗ್ ಹಾಕಿ ನೋಡಿ.