ಸ್ಕ್ಯಾನ್ ಕವರ್ ಬಿಚ್ಚುವ ಮೊದಲು: ಸೊಂಟ ನೋವಿನ ಜಾಡು ಹಿಡಿದ ನನ್ನ ಅನುಭವ

ಚಿಂತಾಮಣಿಯಲ್ಲಿ ಫಿಸಿಯೊಥೆರಪಿ ಕ್ಲಿನಿಕ್ ಇಟ್ಟು ಹತ್ತು ವರ್ಷದ ಮೇಲಾಯಿತು. ಸೊಂಟ ನೋವು ಅಂತ ಬಂದವರಿಗೆ ಮೊದಲ ದಿನ ನಾನೀಗ ಮೆಷಿನ್ನಿನ ಕರೆಂಟ್ ಕೊಡುವುದಿಲ್ಲ, ಎಂಆರ್‌ಐ ಕವರನ್ನೂ ಬಿಚ್ಚುವುದಿಲ್ಲ. ಮುಕ್ಕಾಲು ಗಂಟೆ ಕೇಳುತ್ತೇನೆ, ಬಗ್ಗಿಸುತ್ತೇನೆ, ಮಲಗಿಸುತ್ತೇನೆ, ಮತ್ತೆ ಕೇಳುತ್ತೇನೆ. ಇದನ್ನು ಶುರು ಮಾಡಿದಾಗ ನಮ್ಮ ವೃತ್ತಿಯವರೇ ಕೆಲವರು "ಸ್ಕ್ಯಾನ್ ನೋಡದೆ ಹೇಳೋದು ಅಂದ್ರೆ ಕಣಿ ಹೇಳಿದ ಹಾಗೆ" ಅಂದಿದ್ದರು. ಅವರಲ್ಲೇ ಇಬ್ಬರು ಇವತ್ತು ತಮಗೆ ಹಿಡಿತಕ್ಕೆ ಸಿಗದ ಕೇಸುಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಬೆನ್ನು ಎಳೆಯುವ ಟ್ರ್ಯಾಕ್ಷನ್ ಟೇಬಲ್, ಕರೆಂಟ್ ಕೊಡುವ ಐಎಫ್‌ಟಿ, ನೋವಿಗೆ ಹಿಡಿಯುವ ಅಲ್ಟ್ರಾಸೌಂಡ್ ಮೆಷಿನ್ ಎಲ್ಲ ಸೇರಿ ಆಗ ಎರಡು ಲಕ್ಷದ ಹತ್ತಿರ ಸಾಲ. ಸಿಟ್ಟಿಂಗ್‌ಗೆ ನೂರೈವತ್ತು, ಹತ್ತು ಸಿಟ್ಟಿಂಗ್‌ನ ಪ್ಯಾಕೇಜ್. ನಾಲ್ಕನೇ ಸಿಟ್ಟಿಂಗ್ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಜನ ಬರುವುದು ನಿಲ್ಲಿಸುತ್ತಿದ್ದರು. ಎಲ್4-ಎಲ್5 ಬಲ್ಜ್ (ಸೊಂಟದ ಕೆಳಗಿನ ಎರಡು ಮೂಳೆಗಳ ನಡುವಿನ ಡಿಸ್ಕ್ ಉಬ್ಬಿದೆ) ಅಂತ ಒಂದೇ ರಿಪೋರ್ಟ್ ಇರುವ ಇಬ್ಬರನ್ನು ಅದೇ ಟ್ರ್ಯಾಕ್ಷನ್ ಮೇಲೆ ಮಲಗಿಸಿದರೆ ಒಬ್ಬನಿಗೆ ಹಾಯ್ ಅನಿಸುತ್ತಿತ್ತು, ಇನ್ನೊಬ್ಬನಿಗೆ ಪಾದದವರೆಗೆ ಎಳೆತ. ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದ 2015ರ ಒಂದು ಪರಾಮರ್ಶೆ ಹೇಳುವುದು ಇದು: ಇಪ್ಪತ್ತರ ವಯಸ್ಸಿನಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತ, ಎಂಬತ್ತಕ್ಕೆ ಶೇ. 96. ಆರೇಳು ಸಾವಿರ ಕೊಟ್ಟು ತೆಗೆಸಿದ ಆ ಫಿಲ್ಮನ್ನು ಮೊದಲು ನೋಡಿದರೆ ಮನಸ್ಸು ಅಲ್ಲೇ ಕಟ್ಟಿಬೀಳುತ್ತದೆ. ಅದಕ್ಕೇ ಕವರ್ ಪಕ್ಕಕ್ಕಿಟ್ಟೆ. ಮೊದಲ ಭೇಟಿಗೆ ನಾನೂರು, ಮೆಷಿನ್ ಇಲ್ಲ ಅಂತ ಬೋರ್ಡ್ ಬರೆಸಿದೆ. ಆಮೇಲೆ ಆರೇಳು ತಿಂಗಳು ಕಷ್ಟವಾಯಿತು. "ಕರೆಂಟೇ ಕೊಡ್ದೇ ನಾನೂರಾ?" ಅಂತ ಎದ್ದು ಹೋದವರಿದ್ದಾರೆ. ಆಗ ಸಾಲದ ಕಂತು ಕಟ್ಟಿದ್ದು ನಮ್ಮ ಮನೆಯವರ ಸಂಬಳದಲ್ಲಿ.

ಎಲ್ಲಿ ನೋವು ಅಂತ ಕೇಳಿದರೆ ಕೈ ಇಡೀ ಬೆನ್ನು ಸವರುತ್ತದೆ. ನಾನು ಕೇಳುವುದು ಬೇರೆ. ಸೊಂಟ ಹೆಚ್ಚೋ, ಕಾಲು ಹೆಚ್ಚೋ? ಎರಡರಲ್ಲಿ ಒಂದನ್ನು ತೆಗೆದುಹಾಕ್ತೀನಿ ಅಂದರೆ ಯಾವುದು ಬೇಡ ಅಂತೀರಿ? ಒಂದು ಗಳಿಗೆಯಾದರೂ ಪೂರ್ತಿ ಬಿಡುತ್ತದಾ? ಬಗ್ಗಿದರೆ ಜಾಸ್ತಿಯೋ, ನಿಂತರೆ ಜಾಸ್ತಿಯೋ? ರೇಷ್ಮೆ ಬೆಳೆಯುವವರಿಗೆ ಇನ್ನೂ ಒಂದನ್ನು ಸೇರಿಸಿಕೊಂಡಿದ್ದೇನೆ: ಹುಳು ಎಷ್ಟನೇ ಜ್ವರದಲ್ಲಿತ್ತು (ಜ್ವರ ಅಂದರೆ ಹುಳು ಪೊರೆ ಕಳಚುವ ಹಂತ)? ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಸೊಪ್ಪು ಬಕಬಕ ತಿನ್ನುತ್ತದೆ, ಒಂದು ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ಒಂದು ವಾರದಲ್ಲೇ ಖರ್ಚು. ಕಡ್ಡಿ ಸೊಪ್ಪು ಕೊಯ್ದು, ಹೊರೆ ಹೊತ್ತು, ಸ್ಟ್ಯಾಂಡ್ ಮೇಲೆ ಬಗ್ಗಿ ಹಾಸುವುದು. ನೋವು ಆ ವಾರದಲ್ಲಿ ಏರಿ, ಗೂಡು ಮಾರಿಬಂದ ಮೇಲೆ ಇಳಿದರೆ ಅರ್ಧ ಉತ್ತರ ಸಿಕ್ಕಂತೆ.

ಶಿಡ್ಲಘಟ್ಟದ ಕಡೆಯ ಒಬ್ಬ ಬೆಳೆಗಾರ, ನಲವತ್ತರ ಆಸುಪಾಸು. ಬಲಗಾಲಿನ ಮೀನಖಂಡದವರೆಗೆ ಸೆಳೆತ. ಬೇರೆ ಕಡೆ ಟ್ರ್ಯಾಕ್ಷನ್ ಆಗಿತ್ತು, ಆಪರೇಷನ್ ಮಾತೂ ಬಂದಿತ್ತು. ಹೆಬ್ಬೆರಳಿನ ಬಲ, ಹಿಮ್ಮಡಿ ನಡಿಗೆ, ಒಂಟಿ ಕಾಲಲ್ಲಿ ತುದಿಗಾಲು, ರಿಫ್ಲೆಕ್ಸ್ ಎಲ್ಲ ಸರಿ ಇದ್ದವು. ಬೋರಲು ಮಲಗಿಸಿ, ಕೈ ಊರಿ ಎದೆ ಎತ್ತಲು ಹೇಳಿದೆ. ಮೊದಲ ಹತ್ತಕ್ಕೆ ಏನೂ ಇಲ್ಲ. ಎರಡನೇ ಹತ್ತರಲ್ಲಿ ಮುಖ ಕಿವುಚಿದ. ಮೂರನೇ ಹತ್ತರ ಹೊತ್ತಿಗೆ, "ಸಾರ್, ಸೊಂಟ ಜಾಸ್ತಿ ಆಯ್ತಲ್ಲ!" ಅಂದ.

"ಮೀನಖಂಡ ಹೆಂಗಿದೆಯಣ್ಣ?"

ಕೈ ಹಾಕಿ ಒತ್ತಿ ನೋಡಿಕೊಂಡ. "ಅಲ್ಲಿಲ್ಲ. ತೊಡೆ ಹತ್ರ ಬಂದೈತೆ."

ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿಗೆ ಗಾಬರಿ. ನನಗೆ ಆ ದಿನವೆಲ್ಲ ಹಬ್ಬ. ಫಿಸಿಯೊಥೆರಪಿಸ್ಟ್ ಮೆಕೆಂಝಿ 1956ರಲ್ಲಿ ನ್ಯೂಜಿಲೆಂಡಿನ ತಮ್ಮ ಕ್ಲಿನಿಕ್ಕಿನಲ್ಲಿ ಕಂಡದ್ದೂ ಇದನ್ನೇ, ಕಾಲಿನ ನೋವು ಸೊಂಟದತ್ತ ಸರಿಯುವುದು. ಇದಕ್ಕೆ ಸೆಂಟ್ರಲೈಸೇಷನ್ ಅನ್ನುತ್ತೇವೆ, ಒಳ್ಳೆಯ ಸೂಚನೆ. ಎರಡು ಗಂಟೆಗೊಮ್ಮೆ ಹತ್ತು ಸಲ ಮಾಡು, ಸೊಪ್ಪು ಹಾಸುವ ಮೊದಲೊಮ್ಮೆ, ಆದಮೇಲೊಮ್ಮೆ ಅಂತ ಕಳಿಸಿದೆ. ಮೂರು ವಾರದಲ್ಲಿ ಹೊರೆ ಹೊತ್ತ. ಸೊಂಟ ಜಾಸ್ತಿಯಾಯಿತು ಅಂತ ಅಲ್ಲೇ ನಿಲ್ಲಿಸಿಬಿಡುವ ಫಿಸಿಯೊಗಳೇ ಹೆಚ್ಚು. ಹತ್ತು ಸಲ ಎತ್ತಿಸಿ ತೀರ್ಪು ಕೊಡಬೇಡಿ.

ಆದರೆ ನೋವು ಕೆಳಕ್ಕೆ ಇಳಿದರೆ ಅಲ್ಲಿಗೇ ನಿಲ್ಲಿಸಿ. ಮೈ ಒಂದು ಪಕ್ಕಕ್ಕೆ ವಾಲಿಕೊಂಡು ಬರುವವರಿಗೆ ನೇರ ಎಕ್ಸ್‌ಟೆನ್ಷನ್ (ಬೆನ್ನನ್ನು ಹಿಂದಕ್ಕೆ ಬಾಗಿಸುವುದು) ಕೊಟ್ಟರೆ ಕಾಲು ಉರಿಯುತ್ತದೆ, ಮೊದಲು ಸೈಡ್ ಗ್ಲೈಡ್, ಅಂದರೆ ಸೊಂಟವನ್ನು ಪಕ್ಕಕ್ಕೆ ಸರಿಸುವುದು, ಆಗಬೇಕು. ಅದರಲ್ಲಿ ನಾನು ಮೊಣಕೈಯನ್ನು ಎಲ್ಲಿ ಇಡುತ್ತೇನೆ, ಉಸಿರಿನ ಯಾವ ಹೊತ್ತಿನಲ್ಲಿ ಒತ್ತುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕ್ಲಿನಿಕ್ಕಿಗೆ ಬಂದವರಿಗೆ ತೋರಿಸುತ್ತೇನೆ. ಎಸ್‌ಐ ಜಾಯಿಂಟ್ (ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲು) ಬಗ್ಗೆ ಒಂದೇ ಮಾತು: ಸೆಂಟ್ರಲೈಸೇಷನ್ ಇಲ್ಲ ಅಂತ ಖಚಿತವಾದ ಮೇಲೆ, ಕನಿಷ್ಠ ಮೂರು ಟೆಸ್ಟ್ ಪಾಸಿಟಿವ್ ಬಂದರೆ ಮಾತ್ರ ಅದರ ಹೆಸರು ಎತ್ತಿ.

ವಯಸ್ಸಾದವರ ಜಾಡು ಬೇರೆ. ನಿಂತರೆ, ನಡೆದರೆ ಕಾಲು ಭಾರ, ಕೂತರೆ ಮಾಯ. ಕೈಲಾಸಗಿರಿ ಹತ್ತುವಾಗ ಮುಂದಕ್ಕೆ ಬಾಗುತ್ತಾರೆ, ತೊಂದರೆಯಿಲ್ಲ. ಇಳಿಯುವಾಗ ಕಾಲು ಕಟ್ಟುತ್ತದೆ. ಸೆಕೆಂಡ್ ಹ್ಯಾಂಡ್ ವ್ಯಾಯಾಮದ ಸೈಕಲ್ ಒಂದನ್ನು ಐದಾರು ಸಾವಿರಕ್ಕೆ ತಂದು ಇಂಥವರನ್ನು ಬಾಗಿ ಕೂರಿಸಿ ತುಳಿಸಿದೆ. ಸ್ಟೆನೋಸಿಸ್ (ಬೆನ್ನುಮೂಳೆಯೊಳಗಿನ ನರದ ದಾರಿ ಕಿರಿದಾಗುವುದು) ಇದ್ದವರು ಹತ್ತು ನಿಮಿಷ ಆರಾಮಾಗಿ ತುಳಿದರು. ಬೀಡಿ ಸೇದುವ ಒಬ್ಬರಿಗೆ ಎರಡೇ ನಿಮಿಷಕ್ಕೆ ಮೀನಖಂಡ ಹಿಡಿಯಿತು, ಪಾದದ ನಾಡಿ ಸಿಗಲಿಲ್ಲ. ಅವರಿಗೆ ಬೇಕಿದ್ದದ್ದು ರಕ್ತನಾಳದ ಡಾಕ್ಟರು. ಆ ಸೈಕಲ್ಲಿನ ದುಡ್ಡು ಅವತ್ತೇ ಹುಟ್ಟಿತು ಅಂದುಕೊಂಡೆ.

ಇನ್ನೊಂದು ಪ್ರಯೋಗ. ನೋವಿನ ಜಾಗ ಗುರುತಿಸುವ ಬಾಡಿ ಚಾರ್ಟ್ ಕೊಟ್ಟರೆ ಪೆನ್ನು ಹಿಡಿಯಲು ನಮ್ಮ ಅಜ್ಜಿಯಂದಿರು ಹಿಂಜರಿಯುತ್ತಾರೆ. ರೆಕ್ಸಿನ್ ಮೇಲೆ ಆಳೆತ್ತರದ ಹಿಂಬದಿ ಚಿತ್ರ ಬರೆಸಿ ಗೋಡೆಗೆ ಹೊಡೆದೆ. ಸ್ಟಿಕ್ಕರ್ ಬೊಟ್ಟು ಅಂಟಿಸಿ ಅಂತ ಹೇಳುತ್ತೇನೆ: ಕೆಂಪು ನೋವಿಗೆ, ಕಪ್ಪು ಜೋಮಿಗೆ, ಹಳದಿ ಉರಿಗೆ. ಒಂದೇ ಗೆರೆಯಲ್ಲಿ ಪಾದದವರೆಗೆ ಕಪ್ಪು, ಹಳದಿ ಇಳಿದರೆ ನರದ ಕಡೆ ನೋಡುತ್ತೇನೆ, ನರ ಎಳೆದು ನೋಡುವ ಎಸ್‌ಎಲ್‌ಆರ್, ಸ್ಲಂಪ್ ಪರೀಕ್ಷೆ ಹಿಡಿಯುತ್ತೇನೆ. ಒಬ್ಬ ಹೆಣ್ಣುಮಗಳು ಕುತ್ತಿಗೆಯಿಂದ ಹಿಮ್ಮಡಿವರೆಗೆ ಇಡೀ ಶೀಟ್ ಕೆಂಪು ಮಾಡಿದಳು. ಲಂಗದ ಲಾಡಿ ಕಟ್ಟಿದರೂ ಸೊಂಟ ಉರಿ, ಎರಡು ವರ್ಷದಿಂದ ನೆಟ್ಟಗೆ ನಿದ್ದೆಯಿಲ್ಲ, ಯಾವ ಚಲನೆಗೂ ಒಂದೇ ರೀತಿಯ ಉತ್ತರವಿಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಐಎಎಸ್‌ಪಿ 2017ರಲ್ಲಿ ನೋಸಿಪ್ಲಾಸ್ಟಿಕ್ (ಪೆಟ್ಟಿನಿಂದಲ್ಲ, ನೋವಿನ ವ್ಯವಸ್ಥೆಯೇ ಅತಿಸೂಕ್ಷ್ಮವಾಗಿ ಬರುವ ನೋವು) ಅಂತ ಒಪ್ಪಿದ ಗುಂಪು ಇದು. ಇವರಿಗೆ ಎಕ್ಸ್‌ಟೆನ್ಷನ್ ಹಿಡಿದು ಜಗ್ಗಬೇಡಿ. ನಿದ್ದೆ, ದಿನಕ್ಕಿಷ್ಟೇ ಅಂತ ಅಳತೆಯ ನಡಿಗೆ, ಬೆನ್ನು ಮುರಿದಿಲ್ಲ ಅನ್ನುವ ಧೈರ್ಯ. ನಾಲ್ಕೈದು ತಿಂಗಳು ಹಿಡಿಯಿತು. ಈಗ ಮತ್ತೆ ಕೆಲಸಕ್ಕೆ ಹೋಗುತ್ತಾಳೆ.

ನಮ್ಮ ಕಡೆ ಮರೆಯಬಾರದ ಮೂರು ಇವೆ. ರಾತ್ರಿ ಬೆವರು, ತೂಕ ಇಳಿತ, ಮಲಗಿದರೂ ಬಿಡದ ನೋವು ಅಂದರೆ ಬೆನ್ನುಮೂಳೆಯ ಟಿಬಿಯ ಅನುಮಾನ. ಕುರಿ, ಹಸು ಸಾಕುವವರಾದರೆ ಕೊಟ್ಟಿಗೆಯಲ್ಲಿ ಯಾವುದಾದರೂ ಕಂದು ಹಾಕಿತ್ತೇ, ಹಸಿ ಹಾಲು ಕುಡಿಯುತ್ತಾರೆಯೇ ಅಂತ ಕೇಳುತ್ತೇನೆ, ದನ-ಕುರಿಗಳಿಂದ ಅಂಟುವ ಬ್ರುಸೆಲ್ಲಾ ರೋಗಾಣು ಬೆನ್ನುಮೂಳೆಗೂ ಕೂರುತ್ತದೆ. ಬಾಗೇಪಲ್ಲಿ ಕಡೆಯ ಹಳೇ ಬೋರ್‌ವೆಲ್ ನೀರು ಕುಡಿದವರ ಬೆನ್ನು ಎಲ್ಲ ದಿಕ್ಕಿಗೂ ಕಟ್ಟಿಗೆಯಾಗಿದ್ದರೆ ಫ್ಲೋರೈಡಿನ ಕಲೆ ಇದೆಯೇ ಅಂತ ಹಲ್ಲು ನೋಡುತ್ತೇನೆ. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅಂಥ ಬೆನ್ನನ್ನು ಬಲವಂತವಾಗಿ ಬಗ್ಗಿಸಲೇಬೇಡಿ. ಇನ್ನು ಮೂತ್ರ ಕಟ್ಟಿ, ಕೂರುವ ಜಾಗ ಮರಗಟ್ಟಿದರೆ ಮಾತೇ ಇಲ್ಲ, ಅವತ್ತೇ ಬೆಂಗಳೂರಿಗೆ.

ಐಎಫ್‌ಟಿ ಮಾರಿದೆ, ಟ್ರ್ಯಾಕ್ಷನ್ ಟೇಬಲ್ಲನ್ನು ಈಗ ಪರೀಕ್ಷೆಯ ಮಂಚ ಮಾಡಿಕೊಂಡಿದ್ದೇನೆ. ಮೊದಲ ಭೇಟಿಗೆ ಆರುನೂರು, ಒಟ್ಟು ನಾಲ್ಕೈದು ಭೇಟಿ ಸಾಕಾಗುತ್ತದೆ. ತಿಂಗಳ ಆದಾಯ ಪ್ಯಾಕೇಜ್ ಕಾಲದ ಒಂದೂವರೆ ಪಟ್ಟು ಇದೆ. ಐದರಲ್ಲಿ ಒಬ್ಬರು ಈಗಲೂ ಯಾವ ಜಾಡಿಗೂ ಸೇರುವುದಿಲ್ಲ. ಅವರಿಗೆ ಹೆಸರು ಕೊಡಲು ಹೋಗುವುದಿಲ್ಲ, ವಾರ ಬಿಟ್ಟು ಬರಹೇಳಿ ಬೊಟ್ಟು ಮತ್ತೆ ಅಂಟಿಸುತ್ತೇನೆ. ಎಂಆರ್‌ಐ ಕವರ್ ಬಿಚ್ಚುವುದು ಆ ಎರಡನೇ ಭೇಟಿಯಲ್ಲಿ.